ಹಸಿ ಗೋಡೆ

ಮಗಳು ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಒಂದು ಹಲ್ಲಿತ್ತು. ಮೇಸ್ತ್ರಿ ಮೊದಲು ಅದನ್ನು ಜಲ್ಲಿಯ ಚೂರು ಅಂದುಕೊಂಡ. ಬೆಳಗಿನಿಂದ ಜಲ್ಲಿ, ಮರಳು, ಸಿಮೆಂಟು ಬಿಟ್ಟು ಬೇರೇನನ್ನೂ ನೋಡದ ಕಣ್ಣಿಗೆ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಬುಡದಲ್ಲಿ ಅಂಟಿದ್ದ ರಕ್ತ ಕಂಡಿತು. ತಲೆಯೆತ್ತಿ ಮಗಳ ಮುಖ ನೋಡಿದ. ಮೇಲ್ದುಟಿ ಊದಿ ಮೂಗಿಗೆ ತಾಗುವಂತಿತ್ತು, ಗದ್ದದ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಎಡಗಣ್ಣು ಅರ್ಧ ಮುಚ್ಚಿಹೋಗಿತ್ತು.

"ಅಪ್ಪ, ನಾನಿನ್ನು ಅಲ್ಲಿಗೆ ಹೋಗಲ್ಲ," ಅಂದಳು. ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ನುಸುಳಿ ಮಾತು ಸೀಳಿಹೋಗುತ್ತಿತ್ತು.

ಅವಳ ಗಂಡ ಅಲ್ಲಿಂದ ಕೂಗಳತೆ ದೂರದಲ್ಲಿದ್ದ. ನೆಲಮಾಳಿಗೆಗೆಂದು ತೋಡಿದ ದೊಡ್ಡ ಗುಂಡಿಯಲ್ಲಿ ಅವತ್ತು ಉದ್ದನೆಯ ಗೋಡೆಗೆ ಕಾಂಕ್ರೀಟ್ ಹಾಕುವ ಕೆಲಸ. ಎರಡು ಸಾಲು ಹಲಗೆ ನಿಲ್ಲಿಸಿ, ನಡುವೆ ಕಂಬಿ ಕಟ್ಟಿ, ಮೇಲಿನಿಂದ ಸುರಿಯುತ್ತಿದ್ದರು. ಗೋಡೆ ಮೊಳಕಾಲೆತ್ತರ ಎದ್ದಿತ್ತಷ್ಟೆ. ಹಲಗೆಗೂ ಅಗೆದ ಮಣ್ಣಿಗೂ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಅಳಿಯ ನಿಂತು ಆಸರೆ ಕಂಬಗಳಿಗೆ ಬೆಣೆ ಬಡಿಯುತ್ತಿದ್ದ. ಆ ಬಡಿತ ಇಲ್ಲಿಗೂ ಕೇಳಿಸುತ್ತಿತ್ತು. ಬೆಳಿಗ್ಗೆ ಅವನು ಸಿಳ್ಳೆ ಹಾಕುತ್ತಲೇ ಕೆಲಸಕ್ಕೆ ಬಂದಿದ್ದ. ಬಲಗೈ ಗೆಣ್ಣಿನಲ್ಲಿ ಆಳವಾದ ಗಾಯವಿತ್ತು. ಏನಾಯಿತೆಂದು ಕೇಳಿದ್ದಕ್ಕೆ ಹಲಗೆ ತರಚಿತು ಮಾವ ಅಂದಿದ್ದ. ಸಿಮೆಂಟು ಸೇರಿದರೆ ಗಾಯ ಕೊಳೆಯುತ್ತದೆ ಅಂತ ಮೇಸ್ತ್ರಿಯೇ ತನ್ನ ಟವಲಿನ ಅಂಚು ಹರಿದು, ಎಣ್ಣೆ ಸವರಿ, ಕಟ್ಟು ಕಟ್ಟಿಕೊಟ್ಟಿದ್ದ.

ಈಗ ಗೊತ್ತಾಯಿತು, ತರಚಿದ್ದು ಯಾವ ಹಲಗೆ ಅಂತ. ಮಗಳ ಹಲ್ಲು ಮುರಿದ ಕೈಗೆ ಮದ್ದು ಮಾಡಿದ್ದೇನಲ್ಲ ಎಂಬುದು ತಲೆಗೆ ಹತ್ತುತ್ತಲೂ ಅವನ ಕಿವಿಯಲ್ಲಿ ಕಾಂಕ್ರೀಟ್ ಕಲಸುವ ಮಿಕ್ಸರಿನ ಸದ್ದು ನಿಂತುಹೋಯಿತು.

ಅಳಿಯನನ್ನು ಆರಿಸಿದವನು ಅವನೇ. ಕುಲ ನೋಡಲಿಲ್ಲ, ಆಸ್ತಿ ನೋಡಲಿಲ್ಲ, ಕೈ ನೋಡಿದ. ಆ ಕೈ ನಿಲ್ಲಿಸಿದ ಹಲಗೆಯಲ್ಲಿ ಹಾಲು ಹೊಯ್ದರೂ ಸೋರುವುದಿಲ್ಲ ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಮದುವೆಯಾದ ಮೇಲೆ ಮಗಳು ಹಿಂದೆ ಎರಡು ಸಲ ಊದಿದ ಮುಖ ಹೊತ್ತು ಬಂದಿದ್ದಳು, ಎರಡು ಸಲವೂ ಬುದ್ಧಿ ಹೇಳಿ ವಾಪಸು ಕಳಿಸಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದಿದ್ದ. ಅದು ಸಾಲದೆಂದು ತನ್ನ ಕಸುಬಿನ ಮಾತೂ ಸೇರಿಸಿದ್ದ. ಮೇಸ್ತ್ರಿಗೆ ಲೋಕವೆಲ್ಲ ಕಾಂಕ್ರೀಟೇ. ಉಪ್ಪು ಹುಳಿ ಎಂದರೆ ಇವರಿಗೆ ಅರ್ಥವಾಗಲ್ಲ, ಒಂದು ಪಾಲು ಸಿಮೆಂಟಿಗೆ ಎರಡು ಮರಳು, ನಾಲ್ಕು ಜಲ್ಲಿ ಅಂದರೆ ಅರ್ಥವಾಗುತ್ತೆ ಎಂದು ತೀರಿಹೋದ ಹೆಂಡತಿ ನಗುತ್ತಿದ್ದಳು. ಹೊಸ ಸಂಸಾರ ಹೊಸದಾಗಿ ಹಾಕಿದ ಕಾಂಕ್ರೀಟಿನ ಹಾಗಮ್ಮ, ದಿನಾ ನೀರುಣಿಸಬೇಕು, ಒಣಗೋಕೆ ಬಿಡಬಾರದು, ತಾನಾಗಿ ಗಟ್ಟಿಯಾಗುತ್ತೆ ಅಂದಿದ್ದ. ಬಿರುಕು ಬಿಟ್ಟ ಮೇಲೂ ನೀರು ಹಾಕ್ತಾನೇ ಇರಬೇಕಾ ಅಂತ ಎರಡನೇ ಸಲ ಬಂದಾಗ ಮಗಳು ಕೇಳಿದ್ದಳು. ಅವಳನ್ನು ಬಸ್ಸು ಹತ್ತಿಸಿ ಬಂದಿದ್ದ.

ಸುತ್ತಿಗೆ ಹಿಡಿದು ಗುಂಡಿಯ ಕಡೆ ಹೊರಟೇಬಿಟ್ಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮಿಕ್ಸರಿನ ಹತ್ತಿರ ನಿಂತಿದ್ದ ಗೊರಕೆ ಅಡ್ಡ ಬಂದ. ತಿರುಗುವ ಮಿಕ್ಸರಿಗೆ ಒರಗಿಕೊಂಡೇ ನಿದ್ದೆ ತೆಗೆಯಬಲ್ಲವನಾದ್ದರಿಂದ ಅವನಿಗೆ ಆ ಹೆಸರು. ಕಲಸಿದ್ದು ತಯಾರಿದೆ, ಎಲ್ಲಿಗೆ ಸುರೀಲಿ ಅಂತ ಕೇಳಿದ. ಅವನಿಗೆ ಹಲ್ಲಿನ ವಿಷಯ ಗೊತ್ತಿಲ್ಲ.

ಮೇಸ್ತ್ರಿ ನಿಂತ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಮಗಳ ಹಲ್ಲು ಮುರಿದವನು ಕಣ್ಣೆದುರಿಗಿದ್ದಾನೆ, ಕೈಯಲ್ಲಿ ಸುತ್ತಿಗೆಯಿದೆ, ಆದರೂ ಕಾಲು ನಿಂತಿತು. ಕಾಂಕ್ರೀಟ್ ಹಾಕಲು ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಕೆಳಗಿನದು ಬಿಗಿದುಕೊಳ್ಳುತ್ತದೆ, ಆಮೇಲೆ ಸುರಿದಿದ್ದು ಅದಕ್ಕೆ ಬೆಸೆಯುವುದಿಲ್ಲ. ನೋಡುವ ಕಣ್ಣಿಗೆ ಗೋಡೆ ಒಂದೇ, ಒಳಗೆ ಎರಡು. ಮಣ್ಣಿನೊಳಗಿನ ನೀರು ಹುಡುಕಿಕೊಂಡು ಬರುವುದು ಆ ಸಂದಿಯನ್ನೇ. ಹೆಂಡತಿ ಹೋದ ಸುದ್ದಿ ಬಂದ ದಿನವೂ ಉಳಿದಿದ್ದ ಮೂಲೆ ಮುಗಿಸಿಯೇ ಮನೆಗೆ ಓಡಿದ ಮನುಷ್ಯ ಅವನು. ಈ ನೇಮ ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ಕೊಲ್ಲುವಷ್ಟು ಸಿಟ್ಟಿದ್ದಾಗಲೂ ಮೊದಲು ಗೋಡೆ ಮುಗಿಯಲಿ ಅನ್ನಿಸಿತು.

ತಿರುಗಿ ಮಗಳ ಹತ್ತಿರ ಬಂದ. "ನೆರಳಲ್ಲಿ ಕೂತ್ಕೋ. ಇದೊಂದು ಮುಗೀಲಿ. ಆ ಕೈ ಮುರಿದು ತಂದು ನಿನ್ನ ಮುಂದೆ ಹಾಕ್ತೀನಿ."

ಅದಕ್ಕಲ್ಲ ನಾನು ಬಂದಿದ್ದು ಎಂದು ಅವಳು ಅಂದಿದ್ದು ಮಿಕ್ಸರಿನ ಗದ್ದಲದಲ್ಲಿ ಅವನಿಗೆ ಕೇಳಿಸಲೇ ಇಲ್ಲ. ಅವಳು ಸಿಮೆಂಟಿನ ಚೀಲಗಳ ಪಕ್ಕ ಹೋಗಿ ಕೂತಳು.

ಮೇಸ್ತ್ರಿ ಗೋಡೆಯ ಮೇಲಿನ ಅಟ್ಟಣೆ ಹತ್ತಿ, ನೀರು ಬಿಡು ಅಂತ ಗೊರಕೆಗೆ ಕೂಗಿದ. ಗೊರಕೆ ತನ್ನ ಕಿವಿಯನ್ನೇ ನಂಬಲಿಲ್ಲ. ಇದೇ ಮೇಸ್ತ್ರಿ, ಒಂದು ಚೊಂಬು ನೀರು ಹೆಚ್ಚು ಹಾಕಿದ್ದಕ್ಕೆ ಹಿಂದೊಮ್ಮೆ ಅವನ ಬೆನ್ನಿಗೆ ಸಲಿಕೆಯ ಹಿಡಿಯಲ್ಲಿ ಬಾರಿಸಿದ್ದ. ನೀರು ಹೆಚ್ಚಾದರೆ ಕಲಸುವವನಿಗೆ ಸುಖ, ಸುರಿಯುವವನಿಗೆ ಸುಖ, ಗೋಡೆಗೆ ಮಾತ್ರ ಕೇಡು ಅಂತ ಹೇಳಿಕೊಟ್ಟವನೂ ಅವನೇ. ಸಿಮೆಂಟಿಗೆ ಬೇಕಾಗುವುದು ಸ್ವಲ್ಪ ನೀರು, ಉಳಿದಿದ್ದು ಒಣಗಿ ಹೋದ ಜಾಗವೆಲ್ಲ ತೂತು. ಗೊರಕೆ ಅನುಮಾನಿಸುತ್ತ ನಿಂತಿದ್ದನ್ನು ನೋಡಿ ಮೇಸ್ತ್ರಿ ಮತ್ತೆ ಗದರಿದ. ಗೊರಕೆ ನಲ್ಲಿ ತಿರುಗಿಸಿದ. ಮೇಸ್ತ್ರಿಗೆ ವಯಸ್ಸಾದ ಕಾಲಕ್ಕೆ ಬುದ್ಧಿ ಬಂತು ಅಂತ ಬಾಂಡ್ಲಿ ಹೊರುವವರ ಹತ್ತಿರ ಹೇಳಿ ನಕ್ಕ.

ಕಾಂಕ್ರೀಟ್ ಗಂಜಿಯಂತೆ ಹರಿಯಿತು. ಗೋಡೆ ಮೊಳಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿತು. ಬೇರೆ ದಿನವಾಗಿದ್ದರೆ ಮೇಸ್ತ್ರಿ ಒಂದು ಮಟ್ಟ ಸುರಿಸಿ, ಗೋಡೆಯ ಇನ್ನೊಂದು ತುದಿಗೆ ಹೋಗಿ ಅಲ್ಲಿ ಸುರಿಸಿ, ಇಲ್ಲಿಯದು ತುಸು ಗಡುಸಾದ ಮೇಲೆ ತಿರುಗಿ ಬರುತ್ತಿದ್ದ. ಹಸಿ ಕಾಂಕ್ರೀಟ್ ಕಲ್ಲಲ್ಲ. ಅದು ನೀರಿನಂತೆ ಪಕ್ಕಕ್ಕೆ ನೂಕುತ್ತದೆ, ನೀರಿಗಿಂತ ಎರಡು ಪಟ್ಟು ಭಾರವಾಗಿ ನೂಕುತ್ತದೆ. ಎತ್ತರ ಹೆಚ್ಚಿದಷ್ಟೂ ಬುಡದ ಹಲಗೆಯ ಮೇಲೆ ಒತ್ತಡ ಹೆಚ್ಚು. ಇದೆಲ್ಲ ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಅವತ್ತು ಅವನ ತಲೆಯಲ್ಲಿದ್ದದ್ದು ಒಂದೇ: ಬೇಗ ಮುಗೀಬೇಕು, ಅಳಿಯನ ಕೊರಳಪಟ್ಟಿಗೆ ಕೈ ಹಾಕಬೇಕು. ಸಾಲದೆಂದು ವೈಬ್ರೇಟರ್ ಬೇರೆ ಓಡಿಸಿದ. ಉದ್ದ ಕೊಳವೆಯ ತುದಿಯಲ್ಲಿ ಕಬ್ಬಿಣದ ಮೂತಿ ಇರುವ ಆ ಯಂತ್ರವನ್ನು ಒಳಗೆ ಇಳಿಬಿಟ್ಟರೆ ಎಂಥ ಗಟ್ಟಿ ಕಾಂಕ್ರೀಟೂ ನಡುಗಿ ನೀರಾಗಿ ಮೂಲೆ ಮೂಲೆಗೆ ಕೂರುತ್ತದೆ, ತೆಗೆದರೆ ಮತ್ತೆ ಗಟ್ಟಿಯಾಗಿ ನಿಲ್ಲುತ್ತದೆ.

ಕೆಳಗಿನ ಓಣಿಯಿಂದ ಅಳಿಯ ಕೂಗಿದ. "ಮಾವ, ಸ್ವಲ್ಪ ತಡೀರಿ. ಹಲಗೆ ಹೊಟ್ಟೆ ಬಿಡ್ತಾ ಇದೆ."

ಮೇಸ್ತ್ರಿ ಬಗ್ಗಿ ನೋಡಿದ. ನಿಜ. ನಡುವಿನ ಹಲಗೆ ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿತ್ತು, ಸಂದಿಯಿಂದ ಸಿಮೆಂಟಿನ ಹಾಲು ಇಳಿಯುತ್ತಿತ್ತು, ಆಸರೆ ಕಂಬದ ಬೆಣೆ ಜಾರುತ್ತಿತ್ತು. ಅಳಿಯ ಭುಜ ಕೊಟ್ಟು ಕಂಬವನ್ನು ಒತ್ತಿಹಿಡಿದಿದ್ದ. ಕಂಬದ ಮೇಲಿದ್ದ ಬಲಗೈಯಲ್ಲಿ ಟವಲಿನ ಕಟ್ಟು ಬೆಳ್ಳಗೆ ಕಾಣಿಸುತ್ತಿತ್ತು. ಮೇಸ್ತ್ರಿ ಆ ಕಟ್ಟನ್ನೇ ನೋಡಿದ.

ಮೇಲೆ ಗೊರಕೆ ಕಾಂಕ್ರೀಟ್ ತುಂಬಿದ ತೊಟ್ಟಿಯನ್ನು ಬಗ್ಗಿಸಲು ಕಾದು ನಿಂತಿದ್ದ. ಅವನಿಗೂ ಕೂಗು ಕೇಳಿಸಿತ್ತು.

"ಸುರಿ," ಅಂದ ಮೇಸ್ತ್ರಿ.

ಗೊರಕೆ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಇನ್ನೊಮ್ಮೆ ಅದನ್ನೇ ಅಂದ. ತೊಟ್ಟಿ ಬಗ್ಗಿತು.

ಹಲಗೆ ಮುರಿದ ಸದ್ದು ರಸ್ತೆಯವರೆಗೆ ಕೇಳಿಸಿತಂತೆ. ಆಸರೆ ಕಂಬ ಕವಣೆಯಿಂದ ಬಿಟ್ಟಂತೆ ಹಾರಿ ಅಳಿಯನ ತೊಡೆಗೆ ಬಡಿಯಿತು. ತೊಡೆಯ ಮೂಳೆ ಮುರಿದ ಸದ್ದು ಬೇರೆಯಾಗಿಯೇ ಕೇಳಿಸಿತು ಅಂತ ಹತ್ತಿರ ಇದ್ದವರು ಆಮೇಲೆ ಹೇಳಿದರು. ಹಿಂದೆಯೇ ಕಾಂಕ್ರೀಟ್ ನುಗ್ಗಿತು. ಅವನು ತಿರುಗಿ ಓಡಲು ಜಾಗವಿರಲಿಲ್ಲ, ಹಿಂದೆ ಮಣ್ಣಿನ ಗೋಡೆ. ಬೂದುಬಣ್ಣದ ಆ ರಾಶಿ ಅವನನ್ನು ಎತ್ತಿ ಮಣ್ಣಿಗೆ ಅಪ್ಪಳಿಸಿ, ಕಾಲು ನುಂಗಿ, ಸೊಂಟ ನುಂಗಿ, ಎದೆಯ ಮಟ್ಟಕ್ಕೆ ಬಂದು ನಿಂತಿತು. ಜಲ್ಲಿ ಉಜ್ಜಿ ಕೆನ್ನೆಯ ಚರ್ಮ ಎದ್ದುಹೋಗಿತ್ತು. ಅವನು ಒಂದು ಸಲ ಕಿರುಚಿದ. ಎರಡನೇ ಸಲ ಕಿರುಚಲು ಉಸಿರು ಸಾಲಲಿಲ್ಲ.

ಎಲ್ಲರೂ ಓಡಿದರು. ಮೇಸ್ತ್ರಿ ಮಾತ್ರ ಅಟ್ಟಣೆಯ ಮೇಲೆ ನಿಂತೇ ಇದ್ದ. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಸಂತೋಷವಾಯಿತು. ದಾಹಕ್ಕೆ ತಣ್ಣೀರು ಕುಡಿದಂಥ ಸಂತೋಷ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯಿತು. ಕೆಳಗೆ ಆಳುಗಳು ಸಲಿಕೆ, ಬಾಂಡ್ಲಿ, ಬರಿಗೈ ಹಾಕಿ ತೋಡುತ್ತಿದ್ದರು. ತೋಡಿದಷ್ಟೂ ಮೇಲಿನಿಂದ ಜಾರಿ ತುಂಬುತ್ತಿತ್ತು. ಯಾರೋ ಕಂಕುಳಿಗೆ ಹಗ್ಗ ಹಾಕಿ ಎಳೆದರು, ಅಳಿಯನ ಭುಜದ ಕೀಲು ಕಳಚಿತೇ ಹೊರತು ಮೈ ಒಂದಿಂಚು ಕದಲಲಿಲ್ಲ. ಅವನು ಉಸಿರು ಬಿಟ್ಟಾಗ ಎದೆ ಕುಗ್ಗಿದ ಜಾಗಕ್ಕೆ ಕಾಂಕ್ರೀಟ್ ಬಂದು ಕೂರುತ್ತಿತ್ತು, ಮತ್ತೆ ಎಳೆದುಕೊಳ್ಳಲು ಜಾಗ ಬಿಟ್ಟುಕೊಡುತ್ತಿರಲಿಲ್ಲ. ಪ್ರತಿ ಉಸಿರೂ ಹಿಂದಿನದಕ್ಕಿಂತ ಚಿಕ್ಕದಾಗುತ್ತಿತ್ತು. ಬಿಸಿಲು ಬೇರೆ. ತೆಳ್ಳಗೆ ಹರಡಿದ ಅಂಚಿನಲ್ಲಿ ಆಗಲೇ ಬಣ್ಣ ಮಾಸತೊಡಗಿತ್ತು.

ಮಗಳು ಬಂದು ಗುಂಡಿಯ ಅಂಚಿನಲ್ಲಿ ನಿಂತಿದ್ದು ಅವನಿಗೆ ಗೊತ್ತಾಗಲಿಲ್ಲ. ಅವಳು ಗುಂಡಿಯೊಳಗೆ ನೋಡಿದಳು, ಆಮೇಲೆ ಅಪ್ಪನ ಕಡೆ ನೋಡಿದಳು. ಅವನು ಯಾಕೆ ನಿಂತಿದ್ದಾನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ತೆಗಿ ಅವನನ್ನ," ಅಂದಳು. "ಸತ್ತವನನ್ನ ಬಿಟ್ಟು ಬರೋಕಾಗಲ್ಲ ಅಪ್ಪ. ಬದುಕಿದ್ರೆ ಬಿಡಬಹುದು."

ಮೇಸ್ತ್ರಿ ಅಟ್ಟಣೆಯಿಂದ ಓಣಿಗೆ ಧುಮುಕಿದ. ಹಗ್ಗ ಎಳೆಯುತ್ತಿದ್ದವರಿಗೆ ತೋಳು ಕಿತ್ತು ಬರುತ್ತದೆ, ನಿಲ್ಲಿಸಿ ಎಂದು ಬೈದ. ಮುರಿದ ಹಲಗೆಯ ದೊಡ್ಡ ತುಂಡೊಂದನ್ನು ತಂದು ಅಳಿಯನ ಮುಖಕ್ಕೂ, ಮುರಿದ ಗೋಡೆಯಿಂದ ಇಳಿಜಾರಾಗಿ ನಿಂತಿದ್ದ ರಾಶಿಗೂ ನಡುವೆ ನೆಟ್ಟು, ಅದಕ್ಕೆ ತನ್ನ ಬೆನ್ನು ಕೊಟ್ಟು ನಿಂತ. ವೈಬ್ರೇಟರ್ ತಂದು ಅವನ ಸೊಂಟದ ಪಕ್ಕ ಇಳಿಬಿಡು ಅಂತ ಗೊರಕೆಗೆ ಹೇಳಿದ. ಗೊರಕೆ ಹೆದರಿ ಹಿಂದೆ ಸರಿದ. ಅದು ಓಡಿದರೆ ಅಳಿಯನ ಸುತ್ತಲಿನದು ಸಡಿಲವಾಗುವಂತೆಯೇ ಮೇಲೆ ನಿಂತ ರಾಶಿಯೂ ಸಡಿಲವಾಗಿ ಕೆಳಗೆ ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಬಂದರೆ ನನ್ನ ಬೆನ್ನ ಮೇಲೆ ಬರುತ್ತೆ, ಬಿಡು ಅಂದ ಮೇಸ್ತ್ರಿ.

ಯಂತ್ರ ಹೂಂಕರಿಸಿತು. ಮೇಲಿನ ರಾಶಿ ಜಾರಿ ಹಲಗೆಗೆ ಬಡಿಯಿತು. ಮೇಸ್ತ್ರಿಯ ಮಂಡಿ ಬಗ್ಗಿತು, ಬೆನ್ನುಮೂಳೆ ಲಟಲಟ ಅಂದಿತು, ಅಂಗಿಯ ಕತ್ತಿನೊಳಗೆ ಕಾಂಕ್ರೀಟ್ ಇಳಿದು ಸುಣ್ಣದ ಹಾಗೆ ಸುಡತೊಡಗಿತು. ಮಾವ ಅಳಿಯಂದಿರ ಮುಖಗಳ ನಡುವೆ ಒಂದು ಗೇಣು ಅಂತರ. ಅಳಿಯನ ತುಟಿ ನೀಲಿಯಾಗಿತ್ತು, ಮೂಗಿನಿಂದ ರಕ್ತ ಇಳಿದು ಬಾಯಿಗೆ ಹೋಗುತ್ತಿತ್ತು. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಸಾಕು, ಕಾಲು ಜಾರಿತು ಅಂದರೆ ಯಾರು ತಾನೇ ಇಲ್ಲ ಅನ್ನುತ್ತಾರೆ ಎಂಬುದು ಮೇಸ್ತ್ರಿಗೆ ಹೊಳೆಯಿತು. ಅವನಿಗೆ ಹೊಳೆದಿದ್ದು ಅಳಿಯನ ಕಣ್ಣಿಗೂ ಕಾಣಿಸಿತು. ಆಗಲಾದರೂ ಅವನು ತಪ್ಪಾಯಿತು ಅಂದಾನೆಂದು ಮೇಸ್ತ್ರಿ ಕಾದ. ಅವನು ಅದನ್ನು ಅನ್ನಲಿಲ್ಲ, ಎಳೀರಿ ಅಂತ ಮಾತ್ರ ಅಂದ.

ಹಾರೆ ಹಾಕಿ ತೊಡೆಯ ಮೇಲಿನ ಕಂಬ ಎಬ್ಬಿಸಿ, ಎಲ್ಲರೂ ಒಟ್ಟಿಗೆ ಎಳೆದರು. ಕೆಸರಿನಿಂದ ಎತ್ತಿನ ಕಾಲು ಕಿತ್ತಂಥ ಸದ್ದಿನೊಂದಿಗೆ ಅಳಿಯ ಹೊರಗೆ ಬಂದ. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಮೇಸ್ತ್ರಿ ಹಲಗೆ ಬಿಟ್ಟು ಪಕ್ಕಕ್ಕೆ ಬಿದ್ದ. ಮನುಷ್ಯ ಇದ್ದ ಜಾಗಕ್ಕೆ ಕಾಂಕ್ರೀಟ್ ಬಂದು ಮುಚ್ಚಿಕೊಂಡಿತು. ಮಗಳು ಗುಂಡಿಗೆ ಇಳಿದು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಡಾಕ್ಟರು, ಜೀವಕ್ಕೆ ಭಯವಿಲ್ಲ, ಆದರೆ ಈ ಕಾಲು ಮೊದಲಿನಂತಾಗುವುದಿಲ್ಲ, ವರ್ಷಗಟ್ಟಲೆ ಒಬ್ಬರು ಪಕ್ಕದಲ್ಲೇ ಇರಬೇಕಾಗುತ್ತದೆ ಅಂದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಗೊರಕೆ, ಹೆಂಡತಿ ಇದ್ದಾಳಲ್ಲ, ನೋಡ್ಕೋತಾಳೆ ಅಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಲ್ಲಿದ್ದ ಎಲ್ಲರೂ ತಲೆಯಾಡಿಸಿದರು. ಬೆಳಗಿನವರೆಗೆ ಅವಳು ಏಟು ತಿಂದ ಹೆಂಗಸಾಗಿದ್ದಳು, ಈಗ ಕಾಲು ಮುರಿದವನ ಹೆಂಡತಿ. ಮುಖದ ಊತ ಇನ್ನೂ ಇಳಿದಿರಲಿಲ್ಲ, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಮೇಸ್ತ್ರಿಗೆ ತಾನು ಮಾಡಿದ್ದೇನೆಂದು ತಿಳಿದದ್ದು ಆಗ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಅವನು ಕೊಯ್ದಿದ್ದು ಮಗಳ ಮೂಗನ್ನೇ.

ಆಳುಗಳೆಲ್ಲ ಸೇರಿ ಒಂದು ಮಾತಿಗೆ ಬಂದಿದ್ದರು: ಹಲಗೆ ಹಳೆಯದಿತ್ತು, ಮುರೀತು. ಮೇಸ್ತ್ರಿ ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಬೆನ್ನಿನ ಸುಟ್ಟ ಗಾಯಕ್ಕೆ ಪಟ್ಟಿ ಹಾಕಿಸಿಕೊಂಡು ಅಳಿಯನ ಮಂಚದ ಹತ್ತಿರ ಹೋದ. ಮಗಳು ಕಿಟಕಿಯ ಪಕ್ಕ ನಿಂತಿದ್ದಳು.

ಅಳಿಯನಿಗೆ ಎಚ್ಚರವಿತ್ತು. ಪಕ್ಕೆಲುಬು ಮುರಿದಿದ್ದರಿಂದ ಬಿಡಿಸಿ ಬಿಡಿಸಿ ಮಾತಾಡಿದ. "ನಾನು ತಡೀರಿ ಅಂದಿದ್ದು ನಿಮಗೆ ಕೇಳಿಸ್ತು ಮಾವ. ನೀವು ಸುರಿ ಅಂದಿದ್ದು ನನಗೂ ಕೇಳಿಸ್ತು."

ಮೇಸ್ತ್ರಿ ಮಂಚದ ಸರಳು ಹಿಡಿದುಕೊಂಡ.

"ಪೊಲೀಸರು ಬರ್ತಾರೆ. ನಾನೂ ಹಲಗೆ ಹಳೇದು ಅಂತೀನಿ. ನಿಮ್ಮ ಹೆಸರು ಎತ್ತಲ್ಲ." ಸ್ವಲ್ಪ ಹೊತ್ತು ಉಸಿರು ಸೇರಿಸಿಕೊಂಡ. "ಅವಳನ್ನ ನನ್ನ ಜೊತೆ ಕಳಿಸಿ. ಅಷ್ಟೇ ನಾನು ಕೇಳೋದು."

ಕೇಳಿದರೆ ಎಷ್ಟು ನ್ಯಾಯವಾದ ಮಾತು. ಗಂಡ ಹೆಂಡತಿಯನ್ನು ಕಳಿಸಿ ಅನ್ನುತ್ತಿದ್ದಾನೆ, ಅದೂ ಮಾವನ ತಪ್ಪು ಮುಚ್ಚಿಟ್ಟುಕೊಂಡು. ಮೇಸ್ತ್ರಿಗೆ ಜೈಲಿನ ಭಯವಿತ್ತು. ಈ ವಯಸ್ಸಿನಲ್ಲಿ, ಈ ಬೆನ್ನು ಇಟ್ಟುಕೊಂಡು ಅಲ್ಲಿ ಏನು ಮಾಡುವುದು? ಹೊರಗೆ ಬಂದ ಮೇಲೆ ಅವನ ಕೈಗೆ ಕರಣೆ ಕೊಡುವವರು ಯಾರು? ಹೋಗಮ್ಮ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎರಡು ಸಲ ಆಡಿ ಅಭ್ಯಾಸವಾದ ಮಾತು, ತಾನಾಗಿ ಬಂದಿತ್ತು. ಮಗಳ ಕಡೆ ತಿರುಗಿದ. ಅವಳು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಅವನು ಏನು ಹೇಳುತ್ತಾನೆಂದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು. ಅದನ್ನು ನೋಡಿ ಮೇಸ್ತ್ರಿಗೆ ಯಾವ ಏಟಿಗಿಂತಲೂ ಹೆಚ್ಚು ನೋವಾಯಿತು.

ಪೊಲೀಸಿನವನು ಬಂದಾಗ ಜೊತೆಯಲ್ಲಿ ಕಟ್ಟಡದ ಯಜಮಾನನೂ ಇದ್ದ, ಹಿಂದೆ ಗೊರಕೆ. ಏನಾಯಿತೆಂದು ಕೇಳಿದ್ದಕ್ಕೆ ಗೊರಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಹಲಗೆ ಹಳೇದೋ ಏನೋ ಸಾರ್, ಮಳೆಗೆ ನೆಂದಿತ್ತೋ ಏನೋ ಅಂತ ಶುರುಮಾಡಿದ. ಅಳಿಯ ಮಾವನನ್ನು ನೋಡಿ ಕಣ್ಣು ಮುಚ್ಚಿ ತೆರೆದ.

"ಹಲಗೆ ಹೊಸದು," ಅಂದ ಮೇಸ್ತ್ರಿ. "ನೀರು ಜಾಸ್ತಿ ಹಾಕಿಸಿದ್ದು ನಾನು. ಇವನು ತಡೀರಿ ಅಂದ. ಕೆಳಗೆ ಇವನಿದ್ದಾನೆ ಅಂತ ಗೊತ್ತಿದ್ದೇ ನಾನು ಸುರಿ ಅಂದೆ."

ಪೊಲೀಸಿನವನು ಯಾಕೆ ಅಂತ ಕೇಳಿದ. "ನನ್ನ ಮಗಳ ಮುಖ ನೋಡಿ," ಅಂದ ಮೇಸ್ತ್ರಿ. ಆ ಕೋಣೆಯಲ್ಲಿದ್ದವರೆಲ್ಲ ಅವಳ ಮುಖವನ್ನು ಮೊದಲ ಸಲ ನೋಡಿದಂತೆ ನೋಡಿದರು. ಗೊರಕೆ ತಲೆ ತಗ್ಗಿಸಿದ. ಅಳಿಯ ಏನೋ ಹೇಳಲು ಹೋದ, ಪಕ್ಕೆ ಹಿಡಿದುಕೊಂಡಿತು. ಯಜಮಾನ ಗೋಡೆಯ ಗತಿಯೇನು ಅಂತ ಕೇಳಿದ. ಒಡೀಬೇಕು, ಬುಡದಿಂದ ಒಡೆದು ಮತ್ತೆ ಹಾಕಬೇಕು, ಬೇರೆ ದಾರಿಯಿಲ್ಲ ಅಂತ ಮೇಸ್ತ್ರಿ ಹೇಳಿದ.

ಠಾಣೆಗೆ ನಡೆದೇ ಹೊರಟರು. ಗೇಟಿನವರೆಗೆ ಮಗಳೂ ಜೊತೆಗೆ ಬಂದಳು. ಆಸ್ಪತ್ರೆಯ ಮುಂದೆ ರಸ್ತೆ ಎರಡಾಗುತ್ತದೆ. ಬಲಕ್ಕೆ ಹೋದರೆ ಬಸ್ ನಿಲ್ದಾಣ, ಅಲ್ಲಿಂದ ಅವಳ ಗಂಡನ ಮನೆಗೆ ಬಸ್ಸು. ಎಡಕ್ಕೆ ಇಳಿದರೆ ಅಪ್ಪನ ಮನೆ. ಪೊಲೀಸಿನವನು ಬೀಡಿ ಹಚ್ಚಿಕೊಳ್ಳಲು ನಿಂತ. ಮೇಸ್ತ್ರಿ ಮಗಳ ಕಡೆ ತಿರುಗಿದ. ಸಂಸಾರಕ್ಕೂ ಕಾಂಕ್ರೀಟಿಗೂ ಗಂಟು ಹಾಕುವ ಮಾತು ಈ ಸಲ ಒಂದೂ ನೆನಪಾಗಲಿಲ್ಲ.

"ಹಿತ್ತಲ ಬಾಗಿಲ ಚಿಲಕ ಸಡಿಲ ಆಗಿದೆ," ಅಂದ. "ಸ್ವಲ್ಪ ಮೇಲಕ್ಕೆತ್ತಿ ಹಾಕ್ಕೋ."

"ಹೂಂ," ಅಂದಳು ಮಗಳು.

ಅವನ ಅಂಗಿಯ ತೋಳಿನ ಮೇಲೆ ಕಾಂಕ್ರೀಟ್ ಒಣಗಿ ಚಕ್ಕೆ ಕಟ್ಟಿತ್ತು. ಅವಳು ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ತೆಗೆದಳು, ಇನ್ನೊಂದಕ್ಕೆ ಕೈ ಹಾಕಿ ಬಿಟ್ಟಳು. ಆಮೇಲೆ ತುಟಿಗೆ ಬಟ್ಟೆ ಅಡ್ಡ ಹಿಡಿದುಕೊಂಡು, ವಾಹನಗಳು ಕಡಿಮೆಯಾಗುವವರೆಗೆ ಕಾದು, ರಸ್ತೆ ದಾಟಿ ಎಡಕ್ಕೆ ಇಳಿದು ಹೋದಳು.